ಅಕ್ಕನ ಪಕ್ಕ ಒಂದು ನಿಮಿಷ

ಎಲ್ಲರ ತಟ್ಟೆಯೂ ಊಟದ ಮೇಜಿನ ಮೇಲಿತ್ತು, ಅಕ್ಕನದು ಮಾತ್ರ ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದಿದ್ದ ತಮ್ಮ, ರೇಡಿಯೊ ರಿಪೇರಿಯವನು, ತುತ್ತು ಕೈಯಲ್ಲೇ ಹಿಡಿದು ಅತ್ತ ನೋಡಿದ. ಕುತ್ತಿಗೆಯ ಗಡ್ಡೆಗೆಂದು ಅಕ್ಕನಿಗೆ ಆಸ್ಪತ್ರೆಯಲ್ಲಿ ಆರು ವಾರ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟಿದ್ದರು. ಅದು ಮುಗಿದು ತಿಂಗಳಾದರೂ ಸೊಸೆ ಎಂಟು ತಿಂಗಳ ಪುಟ್ಟಿಯನ್ನು ಅಜ್ಜಿಯ ಕೈಗೆ ಕೊಟ್ಟಿರಲಿಲ್ಲ.

"ಮೆಷಿನ್ ನಿಂತ್ರೆ ಕಿರಣಾನೂ ನಿಂತ ಹಾಗೆ, ಮೈಯಲ್ಲಿ ಏನೂ ಉಳಿಯಲ್ಲ ಅಂತ ಡಾಕ್ಟ್ರೇ ಹೇಳಿದ್ದಾರಲ್ಲಮ್ಮಾ" ಅಂದ ಅವನು ಸೊಸೆಗೆ.

"ಡಾಕ್ಟ್ರಿಗೇನು ಮಾವ, ಹೇಳ್ತಾರೆ. ಮಗೂಗೆ ಏನಾದ್ರೂ ಆದ್ರೆ ಅನುಭವಿಸೋಳು ನಾನು. ಅತ್ತೆ ಮೇಲೆ ನಂಗೇನು ಸಿಟ್ಟಾ? ಭಯ, ಅಷ್ಟೇ."

ಅವಳ ಮಾತೂ ಸುಳ್ಳಲ್ಲ, ಹೆತ್ತ ಕರುಳು.

ವಿಕಿರಣ ಅಳೆಯುವ ಪೆಟ್ಟಿಗೆಯೊಂದನ್ನು, ಕಿರಣ ಹಿಡಿಯುವ ಪುಟ್ಟ ಕೊಳವೆಯ ಸಮೇತ, ಅವನು ಹವ್ಯಾಸಕ್ಕೆಂದು ತಾನೇ ಜೋಡಿಸಿಕೊಂಡಿದ್ದ. ಮರುದಿನ ಅದನ್ನು ತಂದು ಅಕ್ಕನ ಪಕ್ಕ ಹಿಡಿದ. ಅಂಕಿ ಚಿಕ್ಕದೇ ಬಂತು. "ಬೆರಳುದ್ದದ ಕೊಳವೆ, ಇದಕ್ಕೆ ಕಿವಿ ಮಂದ ಇರ್ಬೇಕು ಮಾವ" ಅಂದಳು ಸೊಸೆ. ತನ್ನ ಕೈಕೆಲಸಕ್ಕೆ ಹೆಸರಿಟ್ಟರೆ ಅವನು ಬಿಡುವ ಆಸಾಮಿಯೇ? ಅಭ್ರಕದ ತೆಳುಪೊರೆಯ, ಹೆಚ್ಚು ಸೂಕ್ಷ್ಮವಾದ ಅಗಲ ಕೊಳವೆ ತರಿಸಿ, ಹಳೆಯದನ್ನು ಕಿತ್ತು ಬೆಸೆದ. ಶನಿವಾರ ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಬಂದ.

ಅಂಕಿ ಮೂರು ಪಟ್ಟು ಏರಿತು.

ಸೊಸೆ ಮಗುವನ್ನು ಅವುಚಿಕೊಂಡಳು. ಅಕ್ಕನೇ, "ಮಗೂನ ಆಚೆ ಕರ್ಕೊಂಡು ಹೋಗಮ್ಮಾ, ಇಲ್ಲಿ ನಿಲ್ಬೇಡ" ಅಂದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಎಲ್ಲ ಕೇಳಿಕೊಂಡಳು. "ಎಲ್ಲಿ, ನಂಗೂ ಹಿಡೀರಿ ನೋಡೋಣ." ಹಿಡಿದ. ಅದೇ ಅಂಕಿ! ಗೋಡೆಗೂ ಅದೇ, ಖಾಲಿ ಕುರ್ಚಿಗೂ ಅದೇ. ಆಗ ತಲೆಗೆ ಹೊಳೆಯಿತು. ಬಡಿದ ಕಿರಣಗಳನ್ನು ಅಂಕಿಯಾಗಿಸುವ ಪೆಟ್ಟಿಗೆಯೊಳಗಿನ ಲೆಕ್ಕ ಹಳೆಯ ಕೊಳವೆಗೆ ಹೊಂದಿಸಿದ್ದು. ಹೊಸದು ಮೂರು ಪಟ್ಟು ಚುರುಕು. ಲೆಕ್ಕ ಬದಲಿಸುವುದನ್ನೇ ಮರೆತಿದ್ದ.

"ಅಯ್ಯೋ ದೇವರೇ, ಮತ್ತೆ ಇಲ್ಲೇನು ಮಾಡ್ತಾ ಕೂತಿದ್ದೀರಿ?" ಅಂದಳು ಹೆಂಡತಿ.

ನಲವತ್ತು ವರ್ಷದಿಂದ ಕೆಟ್ಟ ರೇಡಿಯೊಗಳಿಗೆಲ್ಲ ಗಿರಾಕಿಯನ್ನೋ ಕಂಪನಿಯನ್ನೋ ಬೈದುಕೊಂಡೇ ಬಂದವನು ಅಕ್ಕನ ಮನೆಯ ಹೊಸ್ತಿಲಲ್ಲಿ ನಿಂತು, "ಕೊಳವೆ ಬದಲಾಯ್ಸಿ ಲೆಕ್ಕ ಬದಲಾಯ್ಸಿರ್ಲಿಲ್ಲ, ಈಗ ಸರಿ ಮಾಡಿದ್ದೀನಿ. ನನ್ನಿಂದ ತಪ್ಪಾಯ್ತು" ಅಂದ.

ಒಳಗಿನಿಂದ ಅಕ್ಕನ ಒಡಕು ದನಿ ಬಂತು. "ಏನಂದೆ? ಇನ್ನೊಂದ್ಸಲ ಹೇಳೋ, ಕೇಳಿ ಪುಣ್ಯ ಕಟ್ಕೋತೀನಿ."

ಸೊಸೆ ನಗಲಿಲ್ಲ. "ಈಗ ನಿಮಗೆ ಬೇಕಾದ ಅಂಕಿ ಬರೋ ಹಾಗೆ ಮಾಡ್ಕೊಂಡು ಬಂದಿದ್ದೀರಿ."

"ಅಂಕಿ ನೋಡ್ಲೇಬೇಡ ತಾಯಿ." ಪರದೆಯ ಮೇಲೆ ಕಾಗದ ಅಂಟಿಸಿ ಪೆಟ್ಟಿಗೆಯನ್ನು ಅವಳ ಕೈಗಿಟ್ಟ. "ಒಂದು ಕಿರಣ ಬಡಿದ್ರೆ ಒಂದು ಟಿಕ್. ಅಷ್ಟಿಷ್ಟು ಎಲ್ಲ ಕಡೆನೂ ಇರತ್ತೆ, ಮಣ್ಣಲ್ಲಿ, ಗೋಡೇಲಿ. ನೀನೇ ಹಿಡಿ, ಗಡಿಯಾರ ನೋಡ್ಕೊಂಡು ಒಂದೊಂದು ನಿಮಿಷ ನೀನೇ ಎಣಿಸು."

ಅಂಗಳದಲ್ಲಿ ಎಣಿಸಿದಳು: ನಲವತ್ತನಾಲ್ಕು. ಅಕ್ಕನ ಕುತ್ತಿಗೆಯ ಪಕ್ಕ ನಲವತ್ತೊಂದು. ಎಣಿಕೆ ತಪ್ಪಿರಬಹುದೆಂದು ಇನ್ನೊಮ್ಮೆ ಹಿಡಿದಳು, ನಲವತ್ತೈದು. ಆಮೇಲೆ ಏನನ್ನಿಸಿತೋ, ಪುಟ್ಟಿಯ ಪಕ್ಕ ಹಿಡಿದಳು. ನಲವತ್ತೇಳು.

"ಐದಾರು ಆಚೆ ಈಚೆ ಆಗೋದು ಸಹಜ" ಅಂದ ಅವನು. ಅವಳಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಕಣ್ಣು ತುಂಬಿಕೊಂಡಿತ್ತು.

ಅವಳು ಮಗುವನ್ನು ಎತ್ತಿಕೊಂಡು ಬಂದಾಗ ಅಕ್ಕ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಬೇಡಮ್ಮಾ. ಯಾವುದಕ್ಕೂ ಇನ್ನೆರಡು ದಿನ ನೋಡೋಣ. ನಂಗೂ ಹೆದರಿಕೆ ಆಗೋಗಿದೆ."

ಆ ಹೆದರಿಕೆ ಎಲ್ಲಿಂದ ಬಂತೆಂದು ಸೊಸೆಗೆ ಗೊತ್ತಿತ್ತು. ಅವಳು ಅತ್ತೆಯ ಕೈಗಳನ್ನು ಒಂದೊಂದಾಗಿ ಬಿಡಿಸಿ, ಪುಟ್ಟಿಯನ್ನು ಮಡಿಲಲ್ಲಿ ಕೂರಿಸಿದಳು.

"ಸ್ವಲ್ಪ ಹಿಡ್ಕೊಂಡಿರಿ ಅತ್ತೆ, ಒಳಗೆ ಕೆಲಸ ಇದೆ" ಅಂದು, ಹಿಂದಕ್ಕೆ ತಿರುಗಿ ನೋಡದೆ ಅಡುಗೆಮನೆಗೆ ಹೋದಳು.