ಮಂಜುಗಡ್ಡೆಯ ಮುಂದೆ ತಿಥಿ

ನನ್ನ ತಮ್ಮ ಪಾಪಯ್ಯ ತೀರಿಕೊಂಡ ಸುದ್ದಿ ಬಂದದ್ದು ೧೯೮೫ರ ಫೆಬ್ರವರಿಯಲ್ಲಿ, ಒಂದು ಶನಿವಾರ. ಕಣದಲ್ಲಿ ರಾಗಿ ತೂರುತ್ತಿದ್ದೆವು. ಡೆಂಕಣಿಕೋಟೆಯಿಂದ ಸೈಕಲ್ಲಿನಲ್ಲಿ ಬಂದ ಅಂಚೆಯ ಬಚ್ಚಪ್ಪ ಕಣದ ಅಂಚಿನಲ್ಲೇ ಚಪ್ಪಲಿ ಬಿಟ್ಟ. ತಂತಿಯನ್ನು ನನ್ನ ಕೈಗೆ ಕೊಡದೆ ರಾಶಿಯ ಪಕ್ಕದಲ್ಲಿ ನೆಲದ ಮೇಲಿಟ್ಟ. ಸಾವಿನ ಸುದ್ದಿಯನ್ನು ಕೈಗೆ ಕೊಡುವುದಿಲ್ಲ; ಆಗಲೇ ನನಗೆ ಅರ್ಥವಾಯಿತು. ಇಂಗ್ಲಿಷಿನಲ್ಲಿ ಎರಡೇ ಸಾಲು. ದಕ್ಷಿಣದ ಹಿಮಸಮುದ್ರದಲ್ಲಿ ಪಾಪಯ್ಯ ಹಡಗಿನಿಂದ ಜಾರಿ ನೀರಿಗೆ ಬಿದ್ದ, ದೇಹ ಸಿಕ್ಕಲಿಲ್ಲ ಎಂದಿತ್ತು. ಮೊರ ಹಿಡಿದು ನಿಂತಿದ್ದ ಅವನ ಹೆಂಡತಿ ಮಂಗಮ್ಮ ನನ್ನ ಮುಖ ನೋಡಿದಳು, ಮೊರವನ್ನು ಮಗುಚಿ ಹಾಕಿ ಅಲ್ಲೇ ಕುಳಿತಳು.

ಪಾಪಯ್ಯ ನನಗಿಂತ ಹದಿನೆಂಟು ವರ್ಷ ಚಿಕ್ಕವನು. ತಾಯಿ ಹೋದ ಮೇಲೆ ನಾನೇ ಬೆಳೆಸಿದೆ. ನಾನು ಮೇಷ್ಟರಾಗಿದ್ದ ಕನ್ನಡ ಶಾಲೆಯಲ್ಲೇ ಅಕ್ಷರ ಕಲಿತ. ಹೊಸೂರಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಗಿದ್ದವನು, ಯಾರೋ ಹೇಳಿದರೆಂದು ವಿಜ್ಞಾನಿಗಳನ್ನು ಹಿಮದ ನಾಡಿಗೆ ಕರೆದೊಯ್ಯುವ ಹಡಗಿನ ಅಡುಗೆಮನೆ ಸೇರಿದ. ಅವನಿಗೂ ಮಂಗಮ್ಮನಿಗೂ ಮಕ್ಕಳಿಲ್ಲ. ಕಾರ್ಯ ನಾನೇ ಮಾಡಬೇಕಿತ್ತು.

ನೀರಿಗೆ ಬಿದ್ದವರ ದೇಹ ಸಿಕ್ಕದಿದ್ದರೆ ನಮ್ಮ ಕುಲದಲ್ಲಿ ಒಂದು ಪದ್ಧತಿಯಿದೆ. ಆ ಕೆರೆಯ ಅಥವಾ ಹೊಳೆಯ ನೀರನ್ನು ಒಂದು ತಂಬಿಗೆ ತಂದು, ಅದನ್ನೇ ದೇಹವೆಂದು ತಿಳಿದು, ಹನ್ನೊಂದನೆಯ ದಿನದ ಕಾರ್ಯ ಮಾಡುತ್ತಾರೆ. ಅದು ಆಗದವನ ಹೆಸರನ್ನು ಹಿರಿಯರ ಹಬ್ಬದಲ್ಲಿ ಎಡೆಯ ಮುಂದೆ ಕೂಗುವಂತಿಲ್ಲ. ಮೂರನೆಯ ದಿನ ಕುಲದ ಯಜಮಾನರಾದ ದೊಡ್ಡವೆಂಕಟಪ್ಪನವರು ನಮ್ಮ ಜಗಲಿಯ ಮೇಲೆ ಕುಳಿತು ತೀರ್ಪು ಕೊಟ್ಟರು.

"ನೀರೆಲ್ಲೈತೆ? ತಂಬಿಗೆ ನೀರು ತಂದ್ರೆ ಕಾರ್ಯ, ಇಲ್ದಿದ್ರೆ ಇಲ್ಲ. ಅಲ್ಲಿ ನೀರೇ ಕಲ್ಲಾಗ್ತದಂತೆ. ಅಂತಾ ಕಡೆ ಜೀವ ಎಂಗ್ಲಾ ಇರ್ತೈತೆ? ದೇವ್ರು ಕಣ್ಣಾಕದ ಜಾಗ ಕಣ್ಲಾ ಅದು. ಸಿಕ್ಕಾಕಂಬುಟ್ಟ ನಿನ್ನ ತಮ್ಮ. ಇನ್ನ ನಮ್ಮೋರ ಜೊತೆ ಸೇರಾಕಿಲ್ಲ."

ಅವರು ಹೋದ ಮೇಲೆ ಮಂಗಮ್ಮ ಬಾಗಿಲಿಗೆ ಬಂದಳು.

"ಬಾವ, ಎಲ್ರಿಗೂ ಎಡೆ ಇಟ್ಟು ಅವರೊಬ್ಬರನ್ನ ಆಚೆ ನಿಲ್ಸೋದಾ? ಅವರಿಗೆ ಅಲ್ಲಿ ಚಳಿ ಆಗ್ತಾನೇ ಇರ್ತದಾ?"

ನಾನು ದಿನವೂ ತಿಮ್ಮರಾಯಸ್ವಾಮಿಗೆ ದೀಪ ಹಚ್ಚುವವನು. ದೇವರು ನೋಡದ ಜಾಗವೊಂದಿದೆ ಎಂಬ ಮಾತನ್ನು ಕೇಳಿಯೂ ಸುಮ್ಮನಿದ್ದೆನಲ್ಲ ಎಂದು ನಾಚಿಕೆಯಾಯಿತು. ಪೆಟ್ಟಿಗೆಯಿಂದ ಪಾಪಯ್ಯನ ಕೊನೆಯ ಕಾಗದ ತೆಗೆದೆ. ಅದನ್ನು ಮತ್ತೆ ಮತ್ತೆ ಓದಿಕೊಂಡೆ. ಹನ್ನೊಂದನೆಯ ದಿನ ಮೊದಲ ಬಸ್ಸಿಗೆ ಹೊಸೂರಿಗೆ ಹೋದೆ.

ಐಸ್ ಕಾರ್ಖಾನೆಯಲ್ಲಿ ಒಂದು ಗಡ್ಡೆ ಕೊಂಡು, ಮರದ ಹೊಟ್ಟು ತುಂಬಿ, ಗೋಣಿಚೀಲದಲ್ಲಿ ಸುತ್ತಿದೆ. ನಮ್ಮೂರ ಕಡೆಗೆ ಬರುವ ಜವಳಗಿರಿ ಬಸ್ಸಿನಲ್ಲಿ ಚೀಲದಿಂದ ನೀರು ಸೋರಿ ಜನರ ಕಾಲಿಗೆಲ್ಲ ಹರಿಯಿತು.

"ಏನ್ ಪೆರಿಯವರೇ, ಮೀನು ಬುಟ್ಬುಟ್ಟು ಬರೀ ಐಸ್ ತಗಂಡೋಗ್ತಾ ಇದೀರಾ?" ಎಂದ ಕಂಡಕ್ಟರ್, ಹಿರಿಯರನ್ನು ಕರೆಯುವ ತಮಿಳು ಮಾತು ಬೆರೆಸಿ. ಬಸ್ಸೆಲ್ಲ ನಕ್ಕಿತು. ನಾನು ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡೆ. ಮನೆ ಮುಟ್ಟುವಾಗ ಪಂಚೆಯೆಲ್ಲ ಒದ್ದೆಯಾಗಿ ಕಾಲು ಮರಗಟ್ಟಿತ್ತು, ಗಡ್ಡೆ ತೆಂಗಿನಕಾಯಿಯಷ್ಟು ಉಳಿದಿತ್ತು.

ಅದನ್ನು ಕಂಚಿನ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಇಟ್ಟೆ. ನೆಂಟರು ಸುತ್ತ ಸೇರಿದರು.

"ಐಸ್‌ಕ್ಯಾಂಡಿಗೆ ತಿಥಿ!" ಎಂದು ಪಕ್ಕದ ಮನೆಯ ಶ್ಯಾಮಣ್ಣ ಮೆಲ್ಲಗೆ ಅಂದ.

ದೊಡ್ಡವೆಂಕಟಪ್ಪನವರು ನಗಲಿಲ್ಲ. "ಹೊಸೂರು ನಲ್ಲಿ ನೀರು ತಂದು ಸಮುದ್ರ ಅಂತ ತೋರಿಸ್ತೀಯೇನ್ಲಾ? ಮಕ್ಕಳಿಗೆ ಪಾಠ ಹೇಳ್ದೋನಾ ನೀನು?"

"ಹೊಸೂರು ನೀರೇ, ದೊಡ್ಡಯ್ಯ. ಸುಳ್ಳು ಹೇಳಾಕಿಲ್ಲ. ಆ ನೀರು ತರಾಕೆ ನನ್ನ ಕೈಲಾಗಲಿಲ್ಲ, ಆ ಚಳೀನ ತಂದಿವ್ನಿ. ಮುಟ್ಟಿ ನೋಡಿ. ಆಮೇಲೆ ಇದನ್ನ ಕೇಳಿ."

ಕಾಗದವನ್ನು ಗಟ್ಟಿಯಾಗಿ ಓದಿದೆ.

"ಅಣ್ಣಯ್ಯನವರಿಗೆ ನಮಸ್ಕಾರ. ಇಲ್ಲಿ ಸಮುದ್ರ ಉಪ್ಪಾದ್ದರಿಂದ, ನಮ್ಮ ಬಾವಿಯ ನೀರಾದರೆ ಗಡ್ಡೆ ಕಟ್ಟಿಬಿಡುವ ಚಳಿಯಲ್ಲೂ ನೀರಾಗಿಯೇ ಇರುತ್ತದೆ. ಬೇರೆ ಕಡೆಯ ಮೀನನ್ನು ಇಲ್ಲಿ ಬಿಟ್ಟರೆ ಅದರ ರಕ್ತವೇ ಗಡ್ಡೆ ಕಟ್ಟಿ ಸಾಯುತ್ತದಂತೆ. ಇಲ್ಲಿಯ ಮೀನು ಸಾಯುವುದಿಲ್ಲ. ಯಾಕೆಂದು ನಮ್ಮ ಹಡಗಿನ ವಿಜ್ಞಾನಿಯನ್ನು ಕೇಳಿದೆ. ಮಂಜಿನ ಸಣ್ಣ ಕಣ ಇದರ ಮೈಯೊಳಗೂ ಸೇರುತ್ತದಂತೆ. ಆದರೆ ರಕ್ತದಲ್ಲಿರುವ ಒಂದು ವಸ್ತು ಆ ಕಣಕ್ಕೆ ಅಂಟಿಕೊಂಡು, ಅದು ಬೆಳೆಯದ ಹಾಗೆ ತಡೆಯುತ್ತದಂತೆ. ಹೊಲಕ್ಕೆ ನುಗ್ಗಿದ ಆನೆಯನ್ನು ನಾವು ಸುತ್ತ ನಿಂತು, ತಮಟೆ ಬಾರಿಸಿ, ಮುಂದೆ ಹೆಜ್ಜೆ ಇಡದಂತೆ ಮಾಡುವುದಿಲ್ಲವೆ, ಹಾಗೆ. ಇನ್ನೊಂದು ಜಾತಿಯ ಮೀನಿನ ರಕ್ತ ಕೆಂಪಗೂ ಇಲ್ಲ, ನೀರಿನ ಹಾಗಿದೆ. ನಾನೇ ಕೊಯ್ದು ನೋಡಿದೆ. ಆವೊತ್ತು ಅದನ್ನು ಬೇಯಿಸಲು ಮನಸ್ಸಾಗಲಿಲ್ಲ, ಕೈಮುಗಿದೆ."

ಮುಂದಿನ ಸಾಲುಗಳು ಮಂಗಮ್ಮನಿಗೆ ಬರೆದವು. ಅಲ್ಲಿಗೆ ಮಡಿಸಿದೆ.

"ದೇವ್ರು ಕಣ್ಣಾಕದ ಜಾಗ ಅಂದ್ರಲ್ಲ ದೊಡ್ಡಯ್ಯ, ಆ ಮೀನಿನ ನೆತ್ತರೊಳಗೆ ಕುಂತು ಕಾಯ್ತಿರೋನು ಯಾರು? ಗೇಣುದ್ದ ಮೀನಿಗೆ ಇಷ್ಟು ಏರ್ಪಾಡು ಮಾಡ್ದೋನು, ಕೈಮುಗಿದೋನ ಜೀವಾನ ಅಲ್ಲೇ ಬುಟ್ಬುಡ್ತಾನಾ?"

"ಬಾಯಿಗೆ ಬಂದಂಗೆ ಮಾತಾಡ್ಬೇಡ! ನಮ್ಮಪ್ಪ ತಾತ ಮಾಡಿಟ್ಟ ಪದ್ಧತಿ. ಮೀರಿದ್ರೆ ಕುಲದಿಂದ ಆಚೆ ಇಡ್ತೀನಿ ನಿನ್ನ."

"ಇಡಿ. ನನ್ನ ತಮ್ಮ ಎಲ್ಲವ್ನೋ ಅಲ್ಲೇ ನಾನೂ ಇರ್ತೀನಿ."

ಶಂಖ ಊದಬೇಕಾದ ದಾಸಯ್ಯ ಯಜಮಾನರ ಮುಖ ನೋಡಿದ. ಅವರು ತಲೆಯಾಡಿಸಲಿಲ್ಲ. ಶಂಖ ಅವನ ತೊಡೆಯ ಮೇಲೇ ಉಳಿಯಿತು. ಅರವತ್ತೆರಡು ವರ್ಷ ಈ ಕುಲದ ಪಂಕ್ತಿಯಲ್ಲಿ ಉಂಡವನು ನಾನು.

ಅಷ್ಟರಲ್ಲಿ ಮಂಗಮ್ಮ ಒಳಗಿನಿಂದ ಎಲೆ ತಂದಳು. ಬಿಸಿ ಮುದ್ದೆ, ಅವರೆಕಾಳಿನ ಸಾರು, ಅವನಿಗೆ ಇಷ್ಟವಾದ ಹುರಿದ ಕಡಲೆ. ಯಾರನ್ನೂ ನೋಡದೆ ತಟ್ಟೆಯ ಮುಂದೆ ಇಟ್ಟಳು.

"ಕರೀರಿ ಬಾವ. ಊಟ ಆರೋಗ್ತದೆ."

"ಹೆಂಗಸು ಮುಂದೆ ಬರಂಗಿಲ್ಲ" ಎಂದರು ದೊಡ್ಡವೆಂಕಟಪ್ಪನವರು.

"ಬಂದಾಯ್ತಲ್ಲ ಮಾವ," ಎಂದಳು ಮಂಗಮ್ಮ. "ಎಲೆ ಎತ್ತೋರು ಎತ್ಲಿ, ನೋಡ್ತೀನಿ."

ಯಾರೂ ಎತ್ತಲಿಲ್ಲ. ಯಜಮಾನರು ಮೇಲುಹೊದಿಕೆ ಕೊಡವಿ ಎದ್ದು ಹೋದರು. ಅವರ ಹಿಂದೆ ಅರ್ಧ ಜನ ಹೋದರು, ದಾಸಯ್ಯನೂ ಹೋದ. ಶ್ಯಾಮಣ್ಣ ಹೊಸ್ತಿಲವರೆಗೆ ಹೋಗಿ, ಏನನ್ನಿಸಿತೋ, ಹಿಂದಕ್ಕೆ ಬಂದು ಗೋಡೆಗೆ ಒರಗಿ ಕುಳಿತ.

ನಾನು ಗಡ್ಡೆಯ ಮೇಲೆ ಎರಡು ಕೈಗಳನ್ನೂ ಇಟ್ಟೆ. ಚಳಿ ಮೂಳೆಯವರೆಗೆ ಇಳಿಯಿತು. ಕೈ ತೆಗೆಯಲಿಲ್ಲ. ನಮ್ಮ ತಂದೆ, ತಾತ, ಮುತ್ತಾತರ ಹೆಸರು ಹೇಳಿ, ಅವರ ಜೊತೆಗೆ ತಮ್ಮನನ್ನೂ ಸೇರಿಸಿ, ಬೀದಿಯ ಕೊನೆಯಲ್ಲಿ ಹೋಗುತ್ತಿದ್ದವರಿಗೂ ಕೇಳುವಂತೆ ಕೂಗಿದೆ: "ಪಾಪಯ್ಯ, ಬಂದು ಉಣ್ಣಪ್ಪ!"

ತಿಮ್ಮರಾಯಸ್ವಾಮಿ, ಮಂತ್ರವಿಲ್ಲ, ಶಂಖವಿಲ್ಲ. ಕಾರ್ಯದಲ್ಲಿ ತಪ್ಪಿದ್ದರೆ ಅದು ನನ್ನದು, ಅವನದಲ್ಲ. ನೀನು ಇಲ್ಲದ ನೀರಿಲ್ಲವೆಂದು ನಂಬಿ ಕೇಳುತ್ತಿದ್ದೇನೆ. ನನ್ನ ತಮ್ಮನನ್ನು ನಿನ್ನ ಪಾದದ ಬಳಿಗೆ ಸೇರಿಸಿಕೊ. ಅವನ ಆತ್ಮಕ್ಕೆ ಶಾಂತಿಯನ್ನು ಕೊಡು.