ವಿಭೂತಿ ಗಟ್ಟಿ

"ನಾಲಿಗೆ ಚಾಚಮ್ಮಾ," ಎಂದರು ನರ್ಸ್ ವನಜಮ್ಮ.

ನೀಲಾಂಬಿಕ ತುಟಿ ಬಿಗಿಹಿಡಿದು ಕೂತಳು. ಅಂಜನಾಪುರದಲ್ಲಿ ಆಸ್ಪತ್ರೆಗೆಂದು ಗಾಡಿ ಹತ್ತುವ ಮುಂಚೆ ಮೂರು ಸಲ ಬಾಯಿ ಮುಕ್ಕಳಿಸಿದ್ದಳು. ಆದರೂ ಹಲ್ಲಿನ ಸಂದಿಯಲ್ಲಿ ಆ ಬಿಳುಪು ಉಳಿದಿದ್ದರೆ?

"ನಾಕು ಹೆಜ್ಜೆ ನಡೆದ್ರೆ ತೇಕ್ತಾಳ್ರೀ," ಎಂದರು ಪಕ್ಕದಲ್ಲಿ ನಿಂತಿದ್ದ ಅತ್ತೆ ಬಸವಣ್ಣೆಮ್ಮ. "ಎದೆ ಡವಡವ ಅಂತೈತಂತೆ, ನಿದ್ದೆ ಇಲ್ಲಂತೆ. ನಮ್ಮನ್ಯಾಗೆ ಹಾಲಿಗೇನು ಬರಾನಾ, ತುಪ್ಪಕ್ಕೇನು ಬರಾನಾ?"

"ನೀವು ಚೂರು ಹೊರಗೆ ಕೂತಿರ್ರೀ."

ಬಸವಣ್ಣೆಮ್ಮ ಮುಖ ಗಂಟಿಕ್ಕಿಕೊಂಡು ಹೋದರು. ವನಜಮ್ಮ ಸ್ಟೂಲು ಎಳೆದುಕೊಂಡು ಹತ್ತಿರ ಕೂತು, ಹುಡುಗಿಯ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಕೆಂಪೆಂಬುದೇ ಇರಲಿಲ್ಲ.

"ಕದ್ದು ಏನು ತಿಂತೀಯ? ಮಣ್ಣೋ, ಸುಣ್ಣವೋ? ಗೋಡೆ ಕೆರೆದು ತಿಂದೋರೂ ಇಲ್ಲೇ ಕೂತು ಅತ್ತು ಹೋಗಿದ್ದಾರೆ. ಹೇಳು."

"ವಿಭೂತಿ," ಎಂದಳು ನೀಲಾಂಬಿಕ. ಅಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಷಾಢದಿಂದ ಶುರುವಾಗಿತ್ತು ಆ ಹಾಳು ಚಪಲ. ಮಾವನವರ ಲಿಂಗಪೂಜೆಯ ತಟ್ಟೆಯಿಂದ ಮೊದಲು ಚಿಟಿಕೆ, ಆಮೇಲೆ ಚೂರು. ಹೋದ ಸೋಮವಾರ ನೋಡಿದರೆ ಗಟ್ಟಿಯೇ ಇಲ್ಲ! ಬಸವಣ್ಣೆಮ್ಮ ಬೆರಳು ಮಾಡಿದ್ದು ಕಸ ಗುಡಿಸುವ ಗುತ್ಯಮ್ಮನ ಕಡೆಗೆ. ಹನ್ನೆರಡು ವರ್ಷ ಆ ಮನೆ ಗುಡಿಸಿದ ಹೆಂಗಸು, ಅವತ್ತಿನಿಂದ ಹಿತ್ತಲ ಕೆಲಸ ಮಾತ್ರ, ಹೊಸ್ತಿಲು ದಾಟುವ ಹಾಗಿಲ್ಲ. ನೀಲಾಂಬಿಕ ಅಲ್ಲೇ ಕಂಬಕ್ಕೆ ಆತುಕೊಂಡು ನಿಂತಿದ್ದಳು. ಬಾಯಲ್ಲಿ ವಿಭೂತಿ ಇಟ್ಟುಕೊಂಡು ಪಾಪ, ಏನಂತ ಮಾತಾಡಿಯಾಳು?

ಎಲ್ಲ ಕೇಳಿ ವನಜಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. "ರಕ್ತ ಕಮ್ಮಿ ಆದ್ರೆ ಇಂಥ ಆಸೆ ಹುಟ್ಟುತ್ತೆ. ಅದು ನಿನ್ನ ತಪ್ಪಲ್ಲ, ಕಬ್ಬಿಣದ ಗುಳಿಗೆ ಕೊಡ್ತೀನಿ. ಆದ್ರೆ ಎದೆ ಹೊಡ್ಕೊಳ್ಳೋದು ಬರೀ ರಕ್ತದ್ದಲ್ಲ ಕಣಮ್ಮಾ. ಒಳಗೆ ಬಚ್ಚಿಟ್ಟಿದ್ದೀಯಲ್ಲ, ಅದರದ್ದೂ ಐತೆ. ವಾರಕ್ಕೊಂದು ಸಲ ಬಾ, ಕೂತು ಮಾತಾಡೋಣ. ನಂಗೇನೋ ಹೇಳಿದೆ. ಹೇಳ್ಬೇಕಾದೋರಿಗೆ ಯಾವಾಗ ಹೇಳ್ತಿ?"

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಪಡಸಾಲೆಯಲ್ಲಿ ನೀಲಾಂಬಿಕ ಅತ್ತೆಯ ಕಾಲ ಬಳಿ ಕೂತಳು.

"ಅತ್ತೇರೇ, ಗುತ್ಯಮ್ಮ ಮುಟ್ಟಿಲ್ಲ. ನಾನೇ ತಿಂದದ್ದು."

ಹೊಡೆಯುತ್ತಾರೆ, ಉಳವಿಯ ತವರಿಗೆ ಅಟ್ಟುತ್ತಾರೆ ಅಂದುಕೊಂಡಿದ್ದಳು. ಬಸವಣ್ಣೆಮ್ಮ ಎದ್ದು ಹೋಗಿ ಹಿತ್ತಲ ಬಾಗಿಲು ಮುಂದೆ ಮಾಡಿ ಬಂದರು.

"ಮೆಲ್ಲಗೆ ಮಾತಾಡೇ. ಮನೆ ಸೊಸೆ ಪೂಜೆ ತಟ್ಟೆಗೆ ಕೈ ಹಾಕಿದ್ಲು ಅಂದ್ರೆ ಊರಾಗೆ ತಲೆ ಎತ್ತಕ್ಕಾಗತ್ತಾ? ಅವಳ ಮೇಲೆ ಐತಲ್ಲ, ಇರಲಿ ಬಿಡು. ಗುಳಿಗೆ ನುಂಗಿ ಮಲಗು ಹೋಗು."

ಇಷ್ಟು ಸಲೀಸೇ! ಬಚಾವಾದೆ ಅನ್ನಿಸಿತು ನೀಲಾಂಬಿಕಳಿಗೆ. ಹಾಗನ್ನಿಸಿದ್ದಕ್ಕೇ ಮೈಯೆಲ್ಲ ಹೇಸಿಗೆಯಾಯಿತು. ಅತ್ತೆ ದೀಪ ಹಚ್ಚಲು ಒಳಗೆ ಹೋದದ್ದೇ, ಗೋಡೆ ಹಿಡಿದುಕೊಂಡು ಹೋಗಿ, ಬಾಗಿಲು ತೆಗೆದು ಹಿತ್ತಲಿಗೆ ಇಳಿದಳು.

ಗುತ್ಯಮ್ಮ ಸಗಣಿ ಕಲಸಿ ಕುಳ್ಳು ತಟ್ಟುತ್ತಿದ್ದಳು.

"ಗುತ್ಯಮ್ಮಾ, ಆ ವಿಭೂತಿ ತಿಂದೋಳು ನಾನು. ನಿನ್ನ ಅಂದಾಗ ಸುಮ್ಮನೆ ನಿಂತಿದ್ದೆ."

ಗುತ್ಯಮ್ಮನ ಕೈ ನಿಲ್ಲಲಿಲ್ಲ. ಇನ್ನೊಂದು ಕುಳ್ಳು ತಟ್ಟಿ ಗೋಡೆಗೆ ಮೆತ್ತಿದಳು.

"ನಂಗೊತ್ತಿತ್ತು ಸಣ್ಣವ್ವಾರೇ. ನಿಮ್ಮ ಸೀರೆ ಒಗೆಯೋಳು ನಾನೇ ಅಲ್ವಾ? ಸೆರಗಿನ ಗಂಟಾಗೆ ದಿನಾ ಇರ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ ಮಾರಾಯ್ತಿ?"

"ನೀವು ಹೇಳ್ತೀರಿ ಅಂದ್ಕೊಂಡೆ."

ನೀಲಾಂಬಿಕ ಹಿಂದಕ್ಕೆ ಬಂದು ಹಿತ್ತಲ ಹೊಸ್ತಿಲ ಮೇಲೆ ನಿಂತಳು. ಆಮೇಲೆ ಒಳಗಿನ ಅತ್ತೆಗೂ ಕೇಳುವಷ್ಟು ಜೋರಾಗಿ ಕರೆದಳು: "ತಿಂದೋಳು ನಾನು. ನೀನು ಒಳಗೆ ಬಾ ಗುತ್ಯಮ್ಮಾ."

ಗುತ್ಯಮ್ಮ ಬಾನಿಯಲ್ಲಿ ಕೈ ತೊಳೆದಳು, ಸೀರೆಗೆ ಒರೆಸಿಕೊಂಡಳು. ಬಂದು ಹೊಸ್ತಿಲಿನಿಂದ ಒಂದು ಮಾರು ಈಚೆಗೇ ನಿಂತು, ಒಳಗೆ ದೀಪ ಹಿಡಿದು ನಿಂತಿದ್ದ ಬಸವಣ್ಣೆಮ್ಮನನ್ನು ನೋಡುತ್ತಿದ್ದಳು.