ಎರಡು ಚುಕ್ಕೆಯ ಫ್ರೇಮು

ರಿಜೆಕ್ಟ್ ಸಾಹೇಬರು ಇಪ್ಪತ್ತಾರು ವರ್ಷ ಸೈಕಲ್ ಕಾರ್ಖಾನೆಯಲ್ಲಿ ಫ್ರೇಮುಗಳನ್ನು ತಲೆಕೆಳಗಾಗಿ ನೋಡಿದವರು. ಕೆಲಸ ಚೆಕಿಂಗ್. ಸರಿಯಿದ್ದದ್ದನ್ನು ಮುಂದಕ್ಕೆ ತಳ್ಳಬೇಕು, ಸರಿಯಿಲ್ಲದ್ದನ್ನು ಹಿಂದಕ್ಕೆ ಕಳಿಸಬೇಕು. ಹಿಂದಕ್ಕೆ ಕಳಿಸಿದ್ದೇ ಹೆಚ್ಚಾದ್ದರಿಂದ ಆ ಹೆಸರು ಬಂತು. ಮಗಳು ಹುಟ್ಟಿದಾಗ ನರ್ಸು ಕೂಸನ್ನು ಕೈಗೆ ಕೊಟ್ಟರೆ, ತಿರುಗಿಸಿ ಅಡಿ ನೋಡಿ ವಾಪಸ್ಸು ಕೊಟ್ಟಿದ್ದರು. ಹೆಂಡತಿ ಮೂವತ್ತು ವರ್ಷವಾದರೂ ಆ ಮಾತು ಬಿಟ್ಟಿರಲಿಲ್ಲ.

ಈಗ ಅವರು ರಿಟೈರಾಗಿ ಹನ್ನೊಂದು ವರ್ಷ, ಕಾರ್ಖಾನೆಗೆ ಬೀಗ ಬಿದ್ದು ಒಂಬತ್ತು. ಆದರೆ ಅಲ್ಲಿ ಒಂದು ಕಾಲಕ್ಕೆ ಬೆಟ್ಟಗುಡ್ಡ ಹತ್ತಿಳಿಯುವ ಸೈಕಲ್ಲಿಗೆಂದು ಮಾಡಿದ ಫ್ರೇಮಿನ ಹುಚ್ಚು ಊರಲ್ಲಿ ಹಲವರಿಗೆ ಹತ್ತಿತ್ತು. ವಾರಕ್ಕೆ ಒಬ್ಬರಾದರೂ ಫ್ರೇಮನ್ನು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಬಂದು, ಇದು ಎಷ್ಟನೇ ಮಾದರಿ ಎಂದು ಕೇಳುತ್ತಿದ್ದರು. ಬ್ರೇಕಿನ ಕೇಬಲ್ಲು ಮೇಲಿನ ಪೈಪಿನ ಎಡಕ್ಕೆ ಹೋದರೆ ಮೊದಲನೆಯದು, ಬಲಕ್ಕೆ ಹೋದರೆ ಎರಡನೆಯದು, ಪೈಪಿನ ಹೊಟ್ಟೆಯಡಿ ಹೋದರೆ ಮೂರನೆಯದು. ಹೀಗೇಕೆ ಎಂದು ಕೇಳಿದವರಿಗೆ ಸಾಹೇಬರು ಮೊದಮೊದಲು ನಿಜ ಹೇಳಿದ್ದರು: ಎಡಕ್ಕೆ ಕೇಬಲ್ಲಿನ ಕೊಂಡಿ ಕೂರಿಸುತ್ತಿದ್ದವನಿಗೆ ಬೆನ್ನುನೋವು ಬಂತು, ಅವನ ಜಾಗಕ್ಕೆ ಬಂದವನು ಎಡಗೈಯವನು, ಅವನ ಮೇಲೆ ಮುನಿಸಿಕೊಂಡ ಮೇಸ್ತ್ರಿ ಕೊಂಡಿಯನ್ನೇ ಅಡಿಗೆ ಹಾಕಿಸಿದ. ಯಾರಿಗೂ ಈ ಉತ್ತರ ರುಚಿಸಲಿಲ್ಲ. ಆಮೇಲೆ ಸಾಹೇಬರು ಹೂಂ, ಇಂಜಿನಿಯರುಗಳು ತುಂಬ ಯೋಚಿಸಿ ಮಾಡಿದ್ದು ಎನ್ನತೊಡಗಿದರು. ಮಾತು ಬೇಗ ಮುಗಿಯುತ್ತಿತ್ತು.

ಬೇಗ ಮುಗಿಸುವ ಆಸೆಯೇ ಎಡವಟ್ಟು ಮಾಡಿತು. ನಾಲ್ಕು ವರ್ಷದ ಹಿಂದೆ ಅಳಿಯ ತನ್ನ ಸೈಕಲ್ ಕ್ಲಬ್ಬಿನ ಹದಿಮೂರು ಜನರನ್ನು ಮನೆಗೆ ಕರೆತಂದಿದ್ದ. ಸಾಹೇಬರು ಅವತ್ತೇ ದವಡೆ ಹಲ್ಲು ಕೀಳಿಸಿಕೊಂಡು ಬಾಯಿತುಂಬ ಹತ್ತಿ ಇಟ್ಟುಕೊಂಡಿದ್ದರು. ಒಬ್ಬ, ಪೆಡಲಿನ ಆಕ್ಸಲ್ಲು ಕೂರುವ ಗೂಡಿನ ಅಡಿ ಕೆಲವಕ್ಕೆ ಎರಡು ಚುಕ್ಕೆ ಇರುತ್ತದಲ್ಲ, ಅದೇನು ಎಂದ. ಆ ಚುಕ್ಕೆ ಸಾಹೇಬರ ಗುರುತು ಕುಟ್ಟುವ ಪಂಚಿನದೇ. ಬೆಸುಗೆ ಬಿರುಕುಬಿಟ್ಟು ರಿಪೇರಿಯಾಗಿ ಬಂದ ಫ್ರೇಮಿಗೆ ಒಂದು ಚುಕ್ಕೆ. ರಿಪೇರಿಯೂ ಬಿರುಕುಬಿಟ್ಟು ಇನ್ನೊಮ್ಮೆ ತೇಪೆ ಹಾಕಿಸಿಕೊಂಡು ಬಂದರೆ ಎರಡು. ಎರಡು ಚುಕ್ಕೆಯದನ್ನು ಯಾರೂ ಹತ್ತುವಂತಿಲ್ಲ. ಬಣ್ಣ ಬಳಿದು ಅಂಗಡಿಗಳ ಗಾಜಿನ ಹಿಂದೆ ತೂಗುಹಾಕಲು ಕೊಡುತ್ತಿದ್ದರು. ಇದನ್ನೆಲ್ಲ ವಿವರಿಸಲು ಅರ್ಧ ಗಂಟೆ ಬೇಕು. ಸಾಹೇಬರು ಹತ್ತಿಯ ಸಂದಿಯಿಂದ "ಸ್ಪೆಷಲ್ಲು" ಎಂದು ಒಳಗೆ ಹೋಗಿ ಮಲಗಿಬಿಟ್ಟರು.

ಮುಂದಿನ ವಾರ ಅಳಿಯ ಮಾದರಿಗಳ ಚಾರ್ಟು ಅಚ್ಚು ಹಾಕಿಸಿದ. ಅದರ ತುದಿಯಲ್ಲಿ ನಾಲ್ಕನೇ ಮಾದರಿ: ಎರಡು ಚುಕ್ಕೆ, ಸ್ಪೆಷಲ್, ಅತಿ ಅಪರೂಪ. ಮೇಲಿನ ಮನೆಯಲ್ಲಿ ಮಗಳು-ಅಳಿಯನ ಮದುವೆ ಫೋಟೋ ಇದ್ದ ಮೊಳೆಗೆ ಚಾರ್ಟು ಬಂತು. ಫೋಟೋ ಫ್ರಿಜ್ಜಿನ ಹಿಂದಕ್ಕೆ ಹೋಯಿತು.

ಈಗ ನಾಲ್ಕು ವರ್ಷದ ಮೇಲೆ, ಒಂದು ಗುರುವಾರ ಸಂಜೆ ಅಳಿಯ ಮೆಟ್ಟಿಲ ಬುಡದಲ್ಲೇ ಸಾಹೇಬರನ್ನು ತಡೆದ. ಕೈಯಲ್ಲಿ ಹಸಿರು ಫ್ರೇಮು. ಮುಚ್ಚಿಹೋದ ಅಂಗಡಿಯೊಂದರ ಅಟ್ಟದಲ್ಲಿ ಸಿಕ್ಕಿತಂತೆ. ತನ್ನ ಹಳೆಯ ಸೈಕಲ್ಲಿನ ಗಾಲಿ ಹಾಕಿ, ಭಾನುವಾರ ಕ್ಲಬ್ಬಿನವರೆಲ್ಲರ ಎದುರು ಕಲ್ಲುಕ್ವಾರಿಯ ಇಳಿಜಾರಿನಲ್ಲಿ ಮೇಲಿಂದ ಬಿಡುತ್ತಾನಂತೆ. ಸಾಹೇಬರು ಫ್ರೇಮನ್ನು ತಲೆಕೆಳಗು ಮಾಡಿದರು. ಎರಡು ಚುಕ್ಕೆ, ಪಕ್ಕಪಕ್ಕ, ಅಕ್ಕಿಕಾಳಿನಷ್ಟು ಅಂತರ. ತಮ್ಮದೇ ಕೈ. ಅವರು ಮೆಟ್ಟಿಲ ಮೇಲೆ ಕೂತರು.

"ಅಳಿಯಂದಿರೇ, ಇದು ಸ್ಪೆಷಲ್ ಅಲ್ಲ. ಎರಡು ಸಲ ಬಿರುಕು ಬಿಟ್ಟಿದ್ದು. ನೋಡೋಕೆ ಮಾಡಿದ್ದು, ಹತ್ತೋಕಲ್ಲ."

"ಅವತ್ತು ಎಲ್ಲರ ಮುಂದೆ ಸ್ಪೆಷಲ್ ಅಂದ್ರಲ್ಲ ಮಾವ?"

"ಅವತ್ತು ಹಲ್ಲು ಕೀಳ್ಸಿದ್ದೆ."

"ಹಲ್ಲಿಗೂ ಫ್ರೇಮಿಗೂ ಏನು ಸಂಬಂಧ?"

ಅಳಿಯನ ಬಳಿ ಇನ್ನೊಂದು ಲೆಕ್ಕಾಚಾರವೂ ಸಿದ್ಧವಿತ್ತು. ಮೊದಲ ಮೂರು ಮಾದರಿಗಳಲ್ಲಿ ಮುರಿದದ್ದು ಎಷ್ಟೋ ಇವೆ, ಎರಡು ಚುಕ್ಕೆಯದು ಇವತ್ತಿನವರೆಗೆ ಒಂದಾದರೂ ಮುರಿದಿದೆಯೇ? ಯಾರೂ ಹತ್ತಿಲ್ಲ, ಅದಕ್ಕೇ ಮುರಿದಿಲ್ಲ ಎಂದರು ಸಾಹೇಬರು. ಅಷ್ಟು ಜೋಪಾನ ಮಾಡಿದ್ದಾರೆ ಅಂದಮೇಲೆ ಅದರ ಬೆಲೆ ಗೊತ್ತಿತ್ತು ಅಂತಲೇ ಅಲ್ಲವೇ ಎಂದ ಅಳಿಯ. ಸಾಹೇಬರು ಅಡುಗೆಮನೆಯಿಂದ ಚಮಚ ತಂದು ಅವನ ಹಳೆಯ ಸೈಕಲ್ಲಿನ ಪೈಪಿಗೆ ಬಡಿದರು, ಠಣ್ ಎಂದಿತು. ಹಸಿರು ಫ್ರೇಮಿಗೆ ಬಡಿದರು. ಒದ್ದೆ ಹಲಗೆಗೆ ಬಡಿದಂತೆ ದಬ್ ಎಂದಿತು. ಅಳಿಯ ಕಣ್ಣರಳಿಸಿ, ನಾಲ್ಕನೇ ಮಾದರಿಗೆ ಸದ್ದೂ ಬೇರೆ ಎಂದು ಚಾರ್ಟಿಗೆ ಸೇರಿಸಲು ಬರೆದುಕೊಂಡ. ಬಣ್ಣ ಒಂದಿಷ್ಟು ಕೆರೆದು ತೇಪೆ ತೋರಿಸುತ್ತೇನೆ ಎಂದಾಗ, ಮೂಲ ಬಣ್ಣ ಮುಟ್ಟಿದರೆ ಸಂಬಂಧ ಕೆಡುತ್ತದೆ ಎಂಬಂತೆ ಫ್ರೇಮನ್ನು ತಬ್ಬಿಕೊಂಡು ಮೇಲೆ ಹೋದ.

ಶುಕ್ರವಾರ ಮಗಳು ಕೆಳಗೆ ಬಂದಳು. ಮೇಲೆ ಗಾಲಿ, ಸರಪಳಿ, ಹ್ಯಾಂಡಲ್ಲು ಎಲ್ಲ ಏರಿ ಆಗಿತ್ತು. ಬೇಡ ಎಂದು ಅತ್ತೂ ನೋಡಿದ್ದಳು, ಊಟ ಬಿಟ್ಟೂ ನೋಡಿದ್ದಳು. ಊಟ ಬಿಟ್ಟದ್ದು ಅವನ ಗಮನಕ್ಕೇ ಬಂದಿರಲಿಲ್ಲ.

"ಕೈಕಾಲು ಮುರಿದ್ರೆ ಮುರೀಲಿ ಅಂತಾರೆ ಅಪ್ಪ. ಆ ಕ್ಲಬ್ಬಿನ ಜನ ನಗಬಾರ್ದು, ಅಷ್ಟೇ ಅವರಿಗೆ."

ಸಾಹೇಬರು ಆ ಮಾತನ್ನು ಇಡೀ ಮಧ್ಯಾಹ್ನ ತಿರುಗಿಸಿ ಮುರುಗಿಸಿ ನೋಡಿದರು. ನಿಜ ಹೇಳಿ ಸಾಕಾಗಿತ್ತು. ನಿಜದಲ್ಲಿ ಮೆಟ್ಟಿಲು ಜಾಸ್ತಿ, ಈ ವಯಸ್ಸಿಗೆ ಹತ್ತಲಾಗದು.

ಶನಿವಾರ ಬೆಳಿಗ್ಗೆ ಅವರೇ ಮೇಲೆ ಹೋದರು. ಸೈಕಲ್ಲನ್ನು ಬೋರಲು ಹಾಕಿಸಿ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಕಾಫಿ ಆರಿ ಕೆನೆಗಟ್ಟುವವರೆಗೂ ಚುಕ್ಕೆಗಳನ್ನೇ ನೋಡಿದರು. ಲೊಚಗುಟ್ಟಿದರು. ಅಳಿಯ ಏನು ಮಾವ ಎಂದ. ಏನಿಲ್ಲ ಬಿಡಿ ಎಂದರು. ಮತ್ತೆ ಕೇಳಿದ. ಮೂರನೇ ಸಲ ಕೇಳಿದ ಮೇಲೆ ಭೂತಗನ್ನಡಿ ಕೆಳಗಿಟ್ಟರು.

"ಈ ಚುಕ್ಕೆ ನಂದಲ್ಲ. ಯಾರೋ ಆಮೇಲೆ ಹೊಡ್ದಿದಾರೆ. ಇದು ಡೂಪ್ಲಿಕೇಟು."

ಬಿರುಕಿಗೆ ಹೆದರದವನ ಮುಖ ಬಿಳುಚಿಕೊಂಡಿತು. ಆದರೂ ಚಾರ್ಟು ಬರೆದವನು, ಸುಮ್ಮನೆ ಒಪ್ಪಲಿಲ್ಲ. ನಿಮ್ಮ ಪಂಚು ತಂದು ಹೊಡೆದು ತೋರಿಸಿ, ಅಳತೆ ಮಾಡೋಣ ಎಂದ. ಸಾಹೇಬರು ಕೆಳಗಿಳಿದು ಪಂಚು, ಸುತ್ತಿಗೆ, ಒಂದು ತಗಡಿನ ಮುಚ್ಚಳ ತಂದರು. ಇಪ್ಪತ್ತಾರು ವರ್ಷದಲ್ಲಿ ಅವರ ಚುಕ್ಕೆ ಕೂದಲೆಳೆಯಷ್ಟೂ ಆಚೀಚೆ ಆದದ್ದಿಲ್ಲ. ಈಗ ಬೇಕೆಂದೇ ಪಂಚನ್ನು ಒಂಚೂರು ವಾರೆ ಹಿಡಿಯಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಸುತ್ತಿಗೆ ಎತ್ತಿದರು. ಹೊಡೆದ ಮೇಲೆ ನೋಡಿದರೆ ಒಂದು ಚುಕ್ಕೆ ನಡುವೆ, ಇನ್ನೊಂದು ಮುಚ್ಚಳದ ಅಂಚಿನಲ್ಲಿ. ಅವರಿನ್ನೂ ವಾರೆ ಹಿಡಿದೇ ಇರಲಿಲ್ಲ. ಕೈ ತಾನಾಗಿ ಆಚೆ ಹೋಗಿತ್ತು. ಅಳಿಯ ಸ್ಕೇಲು ಇಟ್ಟು ಅಳೆದು, ತುಂಬ ವ್ಯತ್ಯಾಸ ಇದೆ ಮಾವ ಎಂದ. ಇರಬೇಕಲ್ಲ ಎಂದರು ಸಾಹೇಬರು. ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಇಳಿದು ಬಂದರು.

ಮಧ್ಯಾಹ್ನದೊಳಗೆ ಗಾಲಿ, ಸರಪಳಿ, ಹ್ಯಾಂಡಲ್ಲು ಹಳೆಯ ಸೈಕಲ್ಲಿಗೆ ವಾಪಸ್ಸಾದವು. ಬರಿ ಫ್ರೇಮು ಕೆಳಮನೆಯ ಹಿತ್ತಲಿಗೆ ಬಂತು. ಭಾನುವಾರ ಅಳಿಯ ಆ ಹಳೆಯ ಮೂರನೇ ಮಾದರಿಯಲ್ಲೇ ಕ್ವಾರಿ ಇಳಿದು, ಕೊನೆಯ ತಿರುವಿನಲ್ಲಿ ಹದಿಮೂರು ಜನರ ಎದುರು ದೊಪ್ಪನೆ ಬಿದ್ದು, ಮೊಣಕೈ ತರಚಿಕೊಂಡು, ಕೇಬಲ್ಲು ಅಡಿಗೆ ಹಾಕಿದ ಇಂಜಿನಿಯರುಗಳನ್ನು ಬೈದ. ಅದೇ ಹೊತ್ತಿಗೆ ಇಲ್ಲಿ ಸಾಹೇಬರು ಗರಗಸ ಹಿಡಿದಿದ್ದರು. ಹೆಂಡತಿ ಫ್ರೇಮಿನ ಇನ್ನೊಂದು ತುದಿ ಅದುಮಿ ಹಿಡಿದಿದ್ದಳು. ಹ್ಯಾಂಡಲ್ಲು ಕೂರುವ ಜಾಗದ ಕೆಳಗೆ ಪೈಪು ಕೂಡುವಲ್ಲಿ ಕೊಯ್ದಾಗ, ಬಣ್ಣದ ಒಳಗೆ ಮುಕ್ಕಾಲು ಸುತ್ತು ಬಿರುಕು ಓಡಿತ್ತು. ಉಗುರು ಒಳಗೆ ಹೋಗುತ್ತಿತ್ತು.

"ಇದನ್ನ ಪಾಸ್ ಮಾಡಿದ್ದು ಯಾರು ರೀ?"

"ನಾನು."

ಅವಳು ಒಲೆ ಆರಿಸಲು ಒಳಗೆ ಹೋದಳು.

ಇಷ್ಟಕ್ಕೆ ಮುಗಿಯುತ್ತಿತ್ತೇನೋ. ಆದರೆ ಅಳಿಯ, ಎರಡು ಚುಕ್ಕೆಯ ಡೂಪ್ಲಿಕೇಟು ಬಂದಿದೆ, ನಾನು ಕಣ್ಣಲ್ಲೇ ಕಂಡುಹಿಡಿದೆ ಎಂದು ಕ್ಲಬ್ಬಿನಲ್ಲಿ ಹೇಳಿದ. ಮರುವಾರದಿಂದ ಇದ್ದಬದ್ದ ಎರಡು ಚುಕ್ಕೆಗಳೆಲ್ಲ ಹೆಗಲೇರಿ ಸಾಹೇಬರ ಬಾಗಿಲಿಗೆ ಬರತೊಡಗಿದವು. ಅವರಿಗೆ ನೆನಪಿತ್ತು, ಒಟ್ಟು ನಲವತ್ತೊಂದು ಹೊಡೆದಿದ್ದರು. ನಲವತ್ತೊಂದೂ ಅಸಲಿ, ನಲವತ್ತೊಂದೂ ಕೊಲ್ಲುವಂಥವು. ಒಂದೊಂದನ್ನೂ ಇದು ನಂದಲ್ಲ, ಇಟ್ಟು ಹೋಗಿ ಎನ್ನಬೇಕು. ಬೇಗ ಅಂದರೆ ಯಾರೂ ನಂಬುವುದಿಲ್ಲ. ಪ್ರತಿಯೊಂದಕ್ಕೂ ಕಾಫಿ ಆರಬೇಕು.

ಅಳಿಯನದೂ ಸೇರಿ ಹನ್ನೆರಡನೆಯದನ್ನು ತಂದವಳು ಒಬ್ಬ ಟೀಚರು. ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದಳು. ಅವಳ ಅಣ್ಣ ಕೊನೆಯವರೆಗೆ ಮಂಚದ ಪಕ್ಕ ಇಟ್ಟುಕೊಂಡಿದ್ದನಂತೆ. ಈಗ ಅವಳ ಮಗ ಹತ್ತಬೇಕು ಅಂತಾನಂತೆ. ಸಾಹೇಬರು ತಿರುಗಿಸಿ ಬಹಳ ಹೊತ್ತು ನೋಡಿದರು. ಇಷ್ಟು ಚೆನ್ನಾಗಿ ಕೂತ ಚುಕ್ಕೆಯನ್ನು ಅವರು ತಾವೇ ಹೊಡೆದದ್ದು ಕಡಿಮೆ.

"ನಂದಲ್ಲ ತಾಯಿ," ಎಂದರು.

ಅವಳು ಬೆಡ್‌ಶೀಟು ಮಾತ್ರ ಮಡಚಿಕೊಂಡು ಹೊರಟಳು. ಹೆಂಡತಿ ಒಳಗಿನಿಂದಲೇ, ಹಿತ್ತಲಲ್ಲಿ ಕಾಲಿಡೋಕೆ ಜಾಗ ಇಲ್ಲ, ಇನ್ನೂ ಎಷ್ಟು ಬರೋದಿದೆ ಎಂದು ಕೇಳಿದಳು. ಇಪ್ಪತ್ತೊಂಬತ್ತು ಎಂದು ಹೇಳಿ, ಸಾಹೇಬರು ಗರಗಸಕ್ಕೆ ಹೊಸ ಬ್ಲೇಡು ಹಾಕಿದರು.